ಬೆಕ್ಕಿನ ಬಟ್ಟಲು, ಬೆಕ್ಕಿನ ಮುಪ್ಪು

ಕನ್ನಡನಾಡಿನ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನವನ್ನೋ ಮೊಸರನ್ನವನ್ನೋ ಹಾಕುವ ರೂಢಿ ಹಳೆಯದು. ಅಟ್ಟ, ಕೊಟ್ಟಿಗೆ, ಹಿತ್ತಿಲುಗಳಲ್ಲಿ ಇಲಿ ಹಿಡಿದು ತಿನ್ನುತ್ತಿದ್ದ ಬೆಕ್ಕಿಗೆ ಅದು ಬರಿಯ ಮೇಲುತುತ್ತಾಗಿದ್ದುದರಿಂದ ತೊಂದರೆ ಎದ್ದು ಕಾಣುತ್ತಿರಲಿಲ್ಲ. ಅದೇ ಬೆಕ್ಕು ನಗರದ ಅಪಾರ್ಟ್‌ಮೆಂಟಿನೊಳಗೆ ಬಾಳತೊಡಗಿದಾಗ ಬಟ್ಟಲಿಗೆ ಬಿದ್ದಷ್ಟೇ ಅದರ ಪೂರ್ತಿ ಆಹಾರವಾಗುತ್ತದೆ. ಆ ಆಹಾರದ ಕೊರತೆಗಳು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ತಲೆದೋರುತ್ತವೆ.

ಬೆಕ್ಕು ನಾಯಿಯಂತೆ ಮಿಶ್ರಾಹಾರಿಯಲ್ಲ. ಬದುಕಲು ಬೇಕಾದ ಕೆಲವು ಪೋಷಕಾಂಶಗಳನ್ನು ತನ್ನ ದೇಹದಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದ ಕಾರಣ ಅದು ಕಟ್ಟಾ ಮಾಂಸಾಹಾರಿ. ಅವುಗಳಲ್ಲಿ ಮುಖ್ಯವಾದುದು ಮಾಂಸ ಮತ್ತು ಮೀನುಗಳಲ್ಲಿ ದೊರೆಯುವ ಟಾರಿನ್ ಎಂಬ ಅಮೈನೊ ಆಮ್ಲ. ಇದರ ಕೊರತೆಯಿಂದ ಅಕ್ಷಿಪಟಲ, ಅಂದರೆ ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪದರ, ಕ್ಷೀಣಿಸಿ ದೃಷ್ಟಿ ಮಂಕಾಗುತ್ತದೆ. ಹೃದಯ ಹಿಗ್ಗಿ ಅದರ ಸ್ನಾಯು ಬಲಗುಂದುತ್ತದೆ. ಈ ಹೃದ್ರೋಗಕ್ಕೂ ಟಾರಿನ್ ಕೊರತೆಗೂ ಇರುವ ನಂಟನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟ ಮೇಲೆ ತಯಾರಕರು ಬೆಕ್ಕಿನ ಆಹಾರದಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು. ಟಾರಿನ್ ನೀರಿನಲ್ಲಿ ಕರಗುವುದರಿಂದ ಕೋಳಿಯನ್ನು ಬೇಯಿಸಿದ ನೀರನ್ನು ಚೆಲ್ಲದೆ ಬಟ್ಟಲಿಗೇ ಸುರಿಯಬೇಕು. ಆದರೂ ಬರಿಯ ಬೇಯಿಸಿದ ಕೋಳಿ ಪೂರ್ಣ ಆಹಾರವಲ್ಲ, ಏಕೆಂದರೆ ಅದರಲ್ಲಿ ಸುಣ್ಣದಂಶ ತೀರ ಕಡಿಮೆ. ಕೆಲವು ಜಾತಿಯ ಹಸಿ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿರುವುದರಿಂದ ಮೀನನ್ನು ಬೇಯಿಸಿಯೇ ಕೊಡಬೇಕು. ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ ಮನೆಯ ಸಾರು, ಗಸಿಗಳನ್ನು ಅದಕ್ಕೆ ಹಾಕಲೇಬಾರದು.

ಮಾಂಸ ಬೇಯಿಸದ ಮನೆಗಳಲ್ಲಿ ಈ ವಿಚಾರ ಮುಜುಗರ ತರುವುದು ಸಹಜ. ಹಾಗೆಂದು ಮನೆಯವರ ಆಹಾರನಿಯಮವನ್ನು ಬೆಕ್ಕಿನ ಮೇಲೆ ಹೇರುವುದು ನ್ಯಾಯವಲ್ಲ. ಅಂಥವರು ಬೆಕ್ಕಿನ ವಯಸ್ಸಿಗೆ ‘ಸಂಪೂರ್ಣ ಮತ್ತು ಸಮತೋಲಿತ’ ಎಂದು ಸ್ಪಷ್ಟವಾಗಿ ನಮೂದಿಸಿದ ಪೊಟ್ಟಣವನ್ನೇ ಆರಿಸಬೇಕು. ‘ಪೂರಕ’ ಎಂದಿರುವುದು ಊಟವಲ್ಲ, ಆಗೊಮ್ಮೆ ಈಗೊಮ್ಮೆ ಕೊಡುವ ತಿನಿಸು. ಒಣ ಆಹಾರದಲ್ಲಿ ನೀರಿನಂಶ ಸುಮಾರು ಶೇ. 10ರಷ್ಟಿದ್ದರೆ ಹಸಿ ಆಹಾರದಲ್ಲಿ ಶೇ. 75ಕ್ಕೂ ಹೆಚ್ಚು. ಒಣನಾಡಿನ ಕಾಡುಬೆಕ್ಕಿನ ಸಂತತಿಯಾದ ಸಾಕುಬೆಕ್ಕು ತಾನಾಗಿ ನೀರು ಕುಡಿಯುವುದು ಕಡಿಮೆಯಾದುದರಿಂದ, ವಯಸ್ಸಾದಂತೆ ಹಸಿ ಆಹಾರದ ಪಾಲನ್ನು ಹೆಚ್ಚಿಸುವುದು ಮೇಲು.

ಹತ್ತು ವರ್ಷ ದಾಟಿದ ಬೆಕ್ಕನ್ನು ಪಶುವೈದ್ಯರು ಹಿರಿಯ ಬೆಕ್ಕೆಂದು ಪರಿಗಣಿಸುತ್ತಾರೆ. ಮುಪ್ಪು ರೋಗವಲ್ಲ, ಆದರೆ ರೋಗ ಮುಪ್ಪಿನ ವೇಷದಲ್ಲಿ ಬರುತ್ತದೆ ಎಂಬುದು ಬೆಕ್ಕನ್ನು ಕೊನೆಯವರೆಗೆ ಸಾಕಿದವರೆಲ್ಲ ಕಲಿತಿರುವ ಸಂಗತಿ. ಒಂದೇ ನೆಗೆತಕ್ಕೆ ಕಿಟಕಿಯ ಕಟ್ಟೆ ಏರುತ್ತಿದ್ದ ಬೆಕ್ಕು ಈಗ ಮೊದಲು ಕುರ್ಚಿಗೆ, ಅಲ್ಲಿ ತುಸು ನಿಂತು ಕಟ್ಟೆಗೆ ಹಾರುತ್ತದೆ; ಬೆನ್ನಿನ ಹಿಂಭಾಗವನ್ನು ನೆಕ್ಕಿಕೊಳ್ಳಲಾಗದೆ ಅಲ್ಲಿನ ಕೂದಲು ಗಂಟುಗಟ್ಟುತ್ತದೆ. ಮನೆಯವರು ಇದನ್ನು ವಯಸ್ಸಿನ ಸೋಮಾರಿತನವೆಂದುಕೊಳ್ಳುತ್ತಾರೆ, ಆದರೆ ಬಹುತೇಕ ಅದು ಕೀಲುನೋವು. ಹಾಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಚೂರು ಮಾಡಿ ಕೊಟ್ಟರೂ ಬೆಕ್ಕು ಸಾಯಬಹುದು. ಬಟ್ಟಲ ಬಳಿ ಆಸೆಯಿಂದ ಬಂದು, ಮೂಸಿ, ಹೂಳುವಂತೆ ನೆಲ ಕೆರೆದು ಹಿಂದಿರುಗುವ ಬೆಕ್ಕಿಗೆ ಹಟವಲ್ಲ, ಹೆಚ್ಚಾಗಿ ವಾಕರಿಕೆಯೋ ಹಲ್ಲುನೋವೋ ಇರುತ್ತದೆ. ತುಸು ಬೆಚ್ಚಗೆ ಮಾಡಿದ ಆಹಾರದ ವಾಸನೆ ಅದನ್ನು ಮತ್ತೆ ಬಟ್ಟಲಿಗೆ ಕರೆತರುವುದುಂಟು. ಇದಕ್ಕೆ ತದ್ವಿರುದ್ಧವಾಗಿ, ಹೊಟ್ಟೆಬಾಕನಂತೆ ತಿಂದರೂ ಸೊರಗುವ ಮುದಿ ಬೆಕ್ಕಿಗೆ ಥೈರಾಯ್ಡ್ ಗ್ರಂಥಿಯ ಅತಿಸ್ರಾವವಿದೆಯೇ ಎಂದು ಪರೀಕ್ಷಿಸಬೇಕು.

ಹಿರಿಯ ಬೆಕ್ಕುಗಳನ್ನು ಹೆಚ್ಚಾಗಿ ಕಾಡುವುದು ಮೂತ್ರಪಿಂಡಗಳ ದೀರ್ಘಕಾಲೀನ ಕಾಯಿಲೆ. ಅವುಗಳ ಕಾರ್ಯಶಕ್ತಿಯ ಸುಮಾರು ಮುಕ್ಕಾಲು ಪಾಲು ನಷ್ಟವಾಗುವವರೆಗೆ ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟ ಏರದೇ ಇರಬಹುದು. ಮೊದಲೇ ಕಾಣಿಸುವುದು ನೀರಿನ ಬಟ್ಟಲು ಬೇಗ ಬರಿದಾಗುವುದು, ಮೂತ್ರ ಹೆಚ್ಚುವುದು ಮತ್ತು ತೂಕ ಇಳಿಯುವುದು. ಇಂಥ ಬೆಕ್ಕಿಗೆ ರಂಜಕವನ್ನು ಮಿತಗೊಳಿಸಿದ ಪಥ್ಯದ ಆಹಾರದಿಂದ ಪ್ರಯೋಜನವಿದೆ, ಆದರೆ ಅದನ್ನು ಹಳೆಯ ಆಹಾರದೊಂದಿಗೆ ಬೆರೆಸುತ್ತ ವಾರಗಟ್ಟಲೆ ತಾಳ್ಮೆಯಿಂದ ರೂಢಿಸಬೇಕು. ಹಸಿದರೆ ತಾನೇ ತಿನ್ನುತ್ತದೆಂದು ಕಾಯುವುದು ಅಪಾಯ: ಕೆಲವು ದಿನ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ಸ್ಥೂಲಕಾಯದ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ತಿನ್ನದ ಪಥ್ಯಕ್ಕಿಂತ ತಿನ್ನುವ ಸಾಮಾನ್ಯ ಆಹಾರವೇ ಲೇಸು.

ನಾಲ್ಕು ಕಿಲೋ ತೂಗುವ ಬೆಕ್ಕು 400 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ದೇಹತೂಕದ ಹತ್ತರಲ್ಲೊಂದು ಪಾಲು. ಆದುದರಿಂದ ಹಿರಿಯ ಬೆಕ್ಕಿರುವ ಮನೆಯವರು ತಿಂಗಳಿಗೊಮ್ಮೆ ಅದನ್ನು ತೂಗಿ ಬರೆದಿಡಬೇಕು, ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಮತ್ತು ರಕ್ತದೊತ್ತಡದ ತಪಾಸಣೆ ಮಾಡಿಸಬೇಕು, ಹಾಗೆ ಹೋಗುವಾಗ ಆ ತೂಕದ ಪಟ್ಟಿಯನ್ನೂ ಪಶುವೈದ್ಯರಿಗೆ ತೋರಿಸಬೇಕು.