ಸಂಘದ ಫೋನೂ ಹಾಲಿನ ಲೆಕ್ಕವೂ ಒಂದೇ ಎಳೆಯಲ್ಲಿ



ದನದ ಡಾಕ್ಟರಿಗೆ ಫೋನಿನ ಡಬ್ಬಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ, ಮುಂಗಾರಿನ ಮೊದಲ ಗುಡುಗು ಮಳೆಯ ರಾತ್ರಿ, ಒಂದು ಹಳ್ಳಿಯಲ್ಲಿ ಹಿಂದಿನ ದಿನವಷ್ಟೇ ಕರು ಹಾಕಿದ್ದ ಮಿಶ್ರತಳಿ ಹಸು ಹಾಲುಜ್ವರದಿಂದ ನೆಲ ಹಿಡಿಯಿತು. ಹಳ್ಳಿ ತಗ್ಗಿನಲ್ಲಿದೆ, ಮೊಬೈಲ್ ಸಿಗ್ನಲ್ ಇಲ್ಲ. ಸಂಘದ ಕಚೇರಿಗೆ ಓಡಿದರೆ ಅಲ್ಲಿಯ ಫೋನಿನಲ್ಲೂ ಸದ್ದಿಲ್ಲ. ಸಿಡಿಲಿಗೆ ಹೆದರಿ ಕಾರ್ಯದರ್ಶಿಯವರು ಸಂಜೆಯೇ ಮೇನ್ ಸ್ವಿಚ್ ಆರಿಸಿ ಹೋಗಿದ್ದರು. ಮನೆಯ ಹುಡುಗ ಬೈಕಿನಲ್ಲಿ ಬಂದು ನನ್ನನ್ನು ಎಬ್ಬಿಸಿ, ನಾನು ಕ್ಯಾಲ್ಸಿಯಂ ಬಾಟಲಿ ಹಿಡಿದು ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಹಸು ಅಡ್ಡ ಮಲಗಿ, ಹೊಟ್ಟೆ ಉಬ್ಬಿ, ಪ್ರಾಣ ಬಿಟ್ಟಿತ್ತು. ಸಕಾಲದಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋದರೆ ಇಂಥ ಹಸುಗಳಲ್ಲಿ ಹೆಚ್ಚಿನವು ಎದ್ದು ನಿಲ್ಲುತ್ತವೆ.

ಕಾರ್ಯದರ್ಶಿಯವರದು ತಪ್ಪು ಎನ್ನಲಾರೆ. ಹಳೆಯ ಫೋನು ಕರೆಂಟ್ ಹೋದರೂ ಮಾತಾಡುತ್ತಿತ್ತಲ್ಲ! ಅದರ ತಾಮ್ರದ ತಂತಿಯಲ್ಲೇ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ ಬರುತ್ತಿತ್ತು. ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಆರಂಭವಾಯಿತು. ಏರ್ ಕಂಡೀಷನ್ ಇಲ್ಲದ ಕೋಣೆಯಲ್ಲೂ ಕೆಲಸ ಮಾಡುವಂತೆ ಅದನ್ನು ಮಾಡಿದ್ದರು.

ಈಗ ಬರುತ್ತಿರುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಆಪ್ಟಿಕಲ್ ಫೈಬರ್. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಎಳೆಯುತ್ತ ಬಂದಿರುವುದೂ ಇದನ್ನೇ. ಎಕ್ಸ್‌ಚೇಂಜಿನ ಕಡೆ ಓ.ಎಲ್.ಟಿ. ಎಂಬ ಯಂತ್ರ, ದಾರಿಯಲ್ಲಿ ಬೆಳಕನ್ನು ಕವಲು ಮಾಡುವ ಸ್ಪ್ಲಿಟರ್, ನಮ್ಮ ಕಚೇರಿಯ ಗೋಡೆಯ ಮೇಲೆ ಓ.ಎನ್.ಟಿ. ಎಂಬ ಡಬ್ಬಿ. ಬರುವ ಬೆಳಕಿನ ಅಲೆಯುದ್ದ 1490 ನ್ಯಾನೋಮೀಟರ್, ಹೋಗುವುದರದು 1310. ಅಲೆ ಬೇರೆ ಬೇರೆಯಾದ್ದರಿಂದ ಒಂದೇ ಎಳೆಯಲ್ಲಿ ಎರಡೂ ಎದುರುಬದುರು ಸಾಗುತ್ತವೆ. ಆದರೆ ಗಾಜು ವಿದ್ಯುತ್ತನ್ನು ತರುವುದಿಲ್ಲ. ಡಬ್ಬಿಗೆ ಕರೆಂಟನ್ನು ನಾವೇ ಕೊಡಬೇಕು.

ಡಬ್ಬಿಯ ಹಿಂದೆ ಫೋನಿಗೆ ಒಂದು ತೂತು, ಕಂಪ್ಯೂಟರಿಗೆ ಇನ್ನೊಂದು. ಮಾತನ್ನು ಸೆಕೆಂಡಿಗೆ 8,000 ಬಾರಿ ಅಳೆದು ಅಂಕಿಗಳಾಗಿಸಿ, ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡು ಮಾಡಿ ಕಳಿಸುತ್ತಾರೆ. ಇನ್ನೂರು ಜನರ ಲೀಟರು, ಫ್ಯಾಟ್, ಎಸ್.ಎನ್.ಎಫ್. ಲೆಕ್ಕ ಒಂದು ಫೋಟೋಗಿಂತ ಹಗುರ. ಎರಡು ನಿಮಿಷ ತಡವಾದರೂ ನಷ್ಟವಿಲ್ಲ. ಮಾತು ಹಾಗಲ್ಲ, ತುಂಡು ತಡವಾದರೆ ಧ್ವನಿ ಕಡಿದುಹೋಗುತ್ತದೆ. ಆದ್ದರಿಂದ ಸರದಿಯಲ್ಲಿ ನಿಂತವರು ಬಾಣಂತಿಗೆ ದಾರಿ ಬಿಡುವಂತೆ, ಮಾತಿಗೆ ಮೊದಲ ದಾರಿ ಸಿಗುವ ಹಾಗೆ ಡಬ್ಬಿಯನ್ನು ಹೊಂದಿಸಬಹುದು. ಲೆಕ್ಕ ಹೋಗುವಾಗ ಫೋನು ಗೊಗ್ಗರಾದರೆ ಸಂಪರ್ಕ ಕೊಟ್ಟವರಿಗೆ ಇದನ್ನೇ ಕೇಳಿ.

ಇನ್ನು ಸಿಡಿಲಿನ ಮಾತು. ಗಾಜಿನ ಎಳೆಯಲ್ಲಿ ಅದು ಹರಿಯದು. ಡಬ್ಬಿಯನ್ನು ಸುಡುವುದು ಹೆಚ್ಚಾಗಿ ಗೋಡೆಯ ಪ್ಲಗ್ಗಿನಿಂದ ಬಂದ ಹೊಡೆತ. ಇಂಥ ಡಬ್ಬಿ ಹೆಚ್ಚಾಗಿ 12 ವೋಲ್ಟಿನದು, ಎಳೆಯುವುದು ಹತ್ತು ಹನ್ನೆರಡು ವಾಟ್ ಅಷ್ಟೇ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುವ ಡಿ.ಸಿ. ಯು.ಪಿ.ಎಸ್. ಅದನ್ನು ಸುಮಾರು ಐದಾರು ಗಂಟೆ ನಡೆಸುತ್ತದೆ. ಗುಡುಗು ಶುರುವಾಗುವ ಮೊದಲೇ ಗೋಡೆಯ ಪ್ಲಗ್ ಕಿತ್ತಿಡಿ, ಡಬ್ಬಿ ಬ್ಯಾಟರಿಯಲ್ಲಿ ಓಡುತ್ತಿರಲಿ. ಮಳೆ ನಿಂತ ಮೇಲೆ ಪ್ಲಗ್ ಹಾಕಲು ಮರೆಯಬೇಡಿ. ಎಕ್ಸ್‌ಚೇಂಜಿನ ಕಡೆ ವಿದ್ಯುತ್ ಹೋದರೆ ಮಾತ್ರ ನಮ್ಮ ಬ್ಯಾಟರಿಯಿಂದ ಪ್ರಯೋಜನವಿಲ್ಲ.

ಡಬ್ಬಿಯಲ್ಲಿ ಲಾಸ್ ಎಂಬ ಕೆಂಪು ದೀಪ ಮಿನುಗಿದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಎಳೆ ತುಂಡಾಗಿರಬಹುದು, ಇಲ್ಲವೇ ಹಾಲಿನ ಕ್ಯಾನಿನಡಿ ಮಡಿಚಿಕೊಂಡಿರಬಹುದು (ನಾನು ಕಂಡಿದ್ದೇನೆ). ಬಿಚ್ಚಿದ ತುದಿಯೊಳಗೆ ಮಾತ್ರ ಇಣುಕಬೇಡಿ. ಆ ಬೆಳಕು ಕಾಣದಿದ್ದರೂ ಕಣ್ಣಿಗೆ ಕೇಡು ಮಾಡಬಲ್ಲದು.

ಬ್ಯಾಟರಿ ಕೊಂಡ ತಿಂಗಳನ್ನು ಅದರ ಮೇಲೇ ಬರೆದಿಡಿ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ನನಗೊಂದು ಕರೆ ಮಾಡಿ ನೋಡಿ.