ಹಾರುತ್ತಿದ್ದ ವಲ್ಕನ್ ವಿಮಾನವನ್ನು ನಿಲ್ಲಿಸಿದ್ದೇಕೆ?

ಪ್ರಶ್ನೆ: ಬ್ರಿಟನ್ನಿನ ವಾಯುಪಡೆ ಕೈಬಿಟ್ಟಿದ್ದ ವಲ್ಕನ್ ಎಂಬ ಬಾಂಬರ್ ವಿಮಾನವನ್ನು ಜನರೇ ಹಣ ಕೂಡಿಸಿ ದುರಸ್ತಿ ಮಾಡಿಸಿ ಹಾರಿಸಿದರು, ಎಂಟು ವರ್ಷವಾದ ಮೇಲೆ ನಿಲ್ಲಿಸಿಬಿಟ್ಟರು ಎಂದು ಓದಿದೆ. ಹಾರುತ್ತಿದ್ದ ವಿಮಾನವನ್ನು ನಿಲ್ಲಿಸುವುದೇಕೆ? ವಲ್ಕನ್ ರನ್‌ವೇ ಮೇಲೆ ಅಬ್ಬರಿಸಿಕೊಂಡು ಓಡುವ ವಿಡಿಯೊಗಳು ಈಚಿನವೂ ಇವೆಯಲ್ಲ? ನಮ್ಮ ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ನಿಂತಿರುವ ಜೆಟ್‌ಗಳನ್ನೂ ಹೀಗೆ ಹಾರಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ತಮಗೆ ಬಂದ ಅನುಮಾನವೇ 2015ರಲ್ಲಿ ಬ್ರಿಟನ್ನಿನ ಸಾವಿರಾರು ಜನರಿಗೂ ಬಂದಿತ್ತು. ಕೆಟ್ಟು ನಿಂತದ್ದನ್ನು ಮೂಲೆಗೆ ಸೇರಿಸಿದರೆ ಯಾರೂ ಕೇಳುವುದಿಲ್ಲ. ನಿನ್ನೆ ಮೊನ್ನೆಯವರೆಗೂ ಹಾರಿದ್ದನ್ನು ಕಟ್ಟಿಹಾಕಿದರೆ ಯಾರಿಗಾದರೂ ವಿಚಿತ್ರ ಎನಿಸುತ್ತದೆ.

ತಾವು ಓದಿದ ವಿಮಾನದ ಸಂಖ್ಯೆ ಎಕ್ಸ್‌ಎಚ್558. ಅವ್ರೊ ಕಂಪನಿ ತಯಾರಿಸಿದ ಈ ವಲ್ಕನ್ 1960ರಲ್ಲಿ ವಾಯುಪಡೆ ಸೇರಿತು. ತ್ರಿಕೋನಾಕಾರದ ದೊಡ್ಡ ರೆಕ್ಕೆ, ಅದರ ಬುಡದಲ್ಲಿ ಹುದುಗಿದ ನಾಲ್ಕು ಒಲಿಂಪಸ್ ಎಂಜಿನ್. ಮುಂದೆ ಕಾಂಕಾರ್ಡ್ ವಿಮಾನಕ್ಕೆ ಬಂದದ್ದು ಇದೇ ವಂಶದ ಎಂಜಿನ್. ಅಣುಬಾಂಬ್ ಹೊರಲೆಂದು ಬ್ರಿಟನ್ ರೂಪಿಸಿದ ಮೂರು ಬಾಂಬರ್‌ಗಳಲ್ಲಿ ವಲ್ಕನ್ ಒಂದು. ಉಳಿದೆರಡು ವೇಲಿಯಂಟ್ ಮತ್ತು ವಿಕ್ಟರ್. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಅಸೆನ್ಷನ್ ದ್ವೀಪದಿಂದ ಹೊರಟು ಸ್ಟಾನ್ಲಿಯ ರನ್‌ವೇ ಮೇಲೆ ಬಾಂಬ್ ಹಾಕಿ ಬಂದ ವಲ್ಕನ್ ಇದೇ ಎಂದು ಹಲವರು ತಿಳಿದಿದ್ದಾರೆ. ಅದು ಎಕ್ಸ್‌ಎಂ607, ಈಗ ವಾಡಿಂಗ್ಟನ್ ವಾಯುನೆಲೆಯಲ್ಲಿ ನಿಂತಿದೆ. ನಮ್ಮ 558 ಆ ವರ್ಷ ಬೇರೆ ವಿಮಾನಗಳಿಗೆ ಇಂಧನ ತುಂಬಿಸುವ ಟ್ಯಾಂಕರ್ ಆಗಿ ಮಾರ್ಪಾಡಾಯಿತು. ಕೊನೆಕೊನೆಗೆ ವಾಯುಪಡೆ ಅದನ್ನು ಪ್ರದರ್ಶನಗಳಿಗೆ ಮಾತ್ರ ಹಾರಿಸುತ್ತಿತ್ತು. ಅದೂ 1992ಕ್ಕೆ ಮುಗಿಯಿತು. 1993ರ ಮಾರ್ಚ್‌ನಲ್ಲಿ ಲೆಸ್ಟರ್‌ಶೈರ್‌ನ ಬ್ರಂಟಿಂಗ್‌ಥಾರ್ಪ್ ಎಂಬ ಹಳೆಯ ಏರ್‌ಫೀಲ್ಡಿಗೆ ಬಂದಿಳಿಯಿತು. ಆ ಜಾಗದ ಒಡೆತನವಿದ್ದ ಕುಟುಂಬವೇ ಅದನ್ನು ಕೊಂಡಿತ್ತು.

ಈಗ ದುರಸ್ತಿಯ ವಿಷಯ. ಹಳೆಯ ಜೆಟ್ ಎಂದರೆ ಎಂಜಿನ್ ಸರಿಮಾಡಿ, ಬಣ್ಣ ಬಳಿದು, ಟೈರ್ ಬದಲಿಸಿದರೆ ಮುಗಿಯಿತು ಎಂದುಕೊಳ್ಳುವುದು ಸಹಜ. ಅಸಲಿಗೆ ಎಂಜಿನ್ನಿನದು ಅಷ್ಟು ದೊಡ್ಡ ತಲೆನೋವಾಗಿರಲಿಲ್ಲ. ಒಮ್ಮೆಯೂ ಬಳಸದ ಎಂಟು ಒಲಿಂಪಸ್ ಎಂಜಿನ್‌ಗಳು ಈ ತಂಡಕ್ಕೆ ಸಿಕ್ಕಿದ್ದವು. ಕಷ್ಟವಿದ್ದದ್ದು ಲೋಹದ ಒಳಗೆ. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋಗಿ. ಮೊದಲ ಇಪ್ಪತ್ತು ಸಲ ಏನೂ ಆಗುವುದಿಲ್ಲ, ಆಮೇಲೆ ಪಟ್ಟನೆ ತುಂಡಾಗುತ್ತದೆ. ಪ್ರತಿ ಹಾರಾಟದಲ್ಲೂ ರೆಕ್ಕೆ ಸ್ವಲ್ಪ ಬಗ್ಗಿ ನೆಟ್ಟಗಾಗುತ್ತದೆ. ಅದರ ಲೆಕ್ಕವನ್ನು ಗಂಟೆಗಂಟೆಗೆ ಬರೆದಿಡುತ್ತಾರೆ, ಇಷ್ಟಾದ ಮೇಲೆ ಈ ತೊಲೆಯನ್ನು ಬಲಪಡಿಸಬೇಕು, ಇಷ್ಟಾದ ಮೇಲೆ ಹಾರಲೇಕೂಡದು ಎಂದು ಮಿತಿ ಹಾಕಿರುತ್ತಾರೆ. ಬಿರುಕು ಕಣ್ಣಿಗೆ ಕಾಣುವ ಮೊದಲೇ ಎಕ್ಸ್‌ರೇಯಂಥ ಪರೀಕ್ಷೆಗಳಿಂದ ಹುಡುಕಬೇಕು. ಸಾವಿರಾರು ಬಿಡಿಭಾಗಗಳನ್ನು ಬಿಚ್ಚಿ, ಸಾಧ್ಯವಾದಷ್ಟೂ ಅವನ್ನು ಮೊದಲು ತಯಾರಿಸಿದ ಕಂಪನಿಗಳಿಗೇ ಕಳುಹಿಸಿ, ಪರೀಕ್ಷೆ ಮಾಡಿಸಿ, ಪ್ರತಿಯೊಂದಕ್ಕೂ ಪ್ರಮಾಣಪತ್ರ ಪಡೆದು ಮತ್ತೆ ಜೋಡಿಸಬೇಕು. ಒಂದು ಪೈಪು ಎಷ್ಟೇ ಗಟ್ಟಿಯಾಗಿರಲಿ, ಅದು ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು ಎಂಬ ಕಾಗದವಿಲ್ಲದಿದ್ದರೆ ವಿಮಾನಕ್ಕೆ ಹಾಕುವಂತಿಲ್ಲ.

ಈ ಕೆಲಸ ಹೊತ್ತದ್ದು ಡಾ. ರಾಬರ್ಟ್ ಪ್ಲೆಮಿಂಗ್ ಅವರ ನೇತೃತ್ವದ ‘ವಲ್ಕನ್ ಟು ದಿ ಸ್ಕೈ’ ಟ್ರಸ್ಟ್. ಬ್ರಿಟನ್ನಿನ ಪರಂಪರೆ ಲಾಟರಿ ನಿಧಿ 27 ಲಕ್ಷ ಪೌಂಡ್ ಕೊಟ್ಟಿತು. ಸಾಲಲಿಲ್ಲ. 2006ರ ಆಗಸ್ಟ್‌ನಲ್ಲಿ ಕೆಲಸಗಾರರನ್ನು ಮನೆಗೆ ಕಳುಹಿಸಿ ಬಾಗಿಲು ಹಾಕುವ ಸ್ಥಿತಿ ಬಂದಾಗ ಸರ್ ಜಾಕ್ ಹೇವರ್ಡ್ ಎಂಬ ಉದ್ಯಮಿ 5 ಲಕ್ಷ ಪೌಂಡ್ ಕೊಟ್ಟು ಉಳಿಸಿದರು. ಮಿಕ್ಕದ್ದು ಐದು, ಹತ್ತು ಪೌಂಡ್ ಕಳುಹಿಸಿದ ಜನರದ್ದು. 2007ರ ಅಕ್ಟೋಬರ್ 18ರಂದು ವಿಮಾನ ಮತ್ತೆ ಮೇಲೆದ್ದಿತು. ಅಲ್ಲಿಂದ 2015ರವರೆಗೆ 228 ಸಲ, ಒಟ್ಟು 346 ಗಂಟೆ ಹಾರಿತು.

ನಡುವೆ ನಡೆದ ಒಂದು ಪ್ರಸಂಗ ಹೇಳಲೇಬೇಕು. ಎಂಜಿನ್ ಒಳಗೆ ತೇವ ಸೇರದಿರಲಿ ಎಂದು ನಿಂತ ವಿಮಾನದ ಗಾಳಿಬಾಯಿಯಲ್ಲಿ ಸಿಲಿಕಾ ಜೆಲ್ ಚೀಲಗಳನ್ನು ಇಡುತ್ತಾರೆ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಣ್ಣ ಪೊಟ್ಟಣ ಇರುತ್ತದಲ್ಲ, ಅದೇ ಪದಾರ್ಥ. 2012ರ ಮೇ ತಿಂಗಳಲ್ಲಿ ಡಾಂಕಾಸ್ಟರ್‌ನಲ್ಲಿ ಆ ಚೀಲಗಳನ್ನು ತೆಗೆಯುವುದು ತಪ್ಪಿಹೋಯಿತು. ಏರಲು ಪೂರ್ಣ ಶಕ್ತಿ ಕೊಟ್ಟ ಕೂಡಲೇ ಒಂದು ಎಂಜಿನ್ ಅವನ್ನು ಒಳಗೆಳೆದುಕೊಂಡು ಛಿದ್ರವಾಯಿತು. ಅದರ ಚೂರುಗಳನ್ನು ಪಕ್ಕದ ಎಂಜಿನ್ನೂ ಎಳೆದುಕೊಂಡು ಅದೂ ಹಾಳಾಯಿತು. ಪೈಲಟ್‌ಗಳು ವಿಮಾನವನ್ನು ರನ್‌ವೇ ಮೇಲೆಯೇ ತಡೆದು ನಿಲ್ಲಿಸಿದರು, ಯಾರಿಗೂ ಏನೂ ಆಗಲಿಲ್ಲ. ಆದರೆ ಇನ್ನು ಹೊಸದಾಗಿ ಯಾರೂ ಮಾಡದ ಎರಡು ಎಂಜಿನ್‌ಗಳು ಕ್ಷಣಾರ್ಧದಲ್ಲಿ ಹೋದವು. ಹಳೆಯ ಜೆಟ್ ಸಾಕುವವರ ಉಗ್ರಾಣದಲ್ಲಿ ಎಲ್ಲವೂ ಕರಗುತ್ತಾ ಹೋಗುತ್ತದೆ, ತುಂಬುವುದು ಎಂದಿಲ್ಲ.

ಇನ್ನು ತಮ್ಮ ಮುಖ್ಯ ಪ್ರಶ್ನೆ: ನಿಲ್ಲಿಸಿದ್ದೇಕೆ?

ಬ್ರಿಟನ್ನಿನಲ್ಲಿ ಮಾಜಿ ಸೇನಾ ವಿಮಾನವನ್ನು ಖಾಸಗಿಯವರು ಹಾರಿಸಬೇಕಾದರೆ ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಅನುಮತಿ ಬೇಕು. ಪ್ರಯಾಣಿಕ ವಿಮಾನಕ್ಕೆ ಸಿಗುವ ಪ್ರಮಾಣಪತ್ರ ಇವಕ್ಕೆ ಸಿಗುವುದಿಲ್ಲ. ಷರತ್ತುಗಳಿರುವ ‘ಹಾರಾಟ ಪರವಾನಗಿ’ ಮಾತ್ರ. ಆ ಷರತ್ತುಗಳ ಬಿಗಿ ವಿಮಾನದ ಜಟಿಲತೆಯನ್ನು ನೋಡಿಕೊಂಡು ಹೆಚ್ಚುತ್ತದೆ. ಜೆಟ್ ಪ್ರೊವೊಸ್ಟ್ ಎಂಬ ಪುಟ್ಟ ತರಬೇತಿ ವಿಮಾನಕ್ಕೆ ಒಂದೇ ಎಂಜಿನ್, ಪೈಲಟ್ ತನ್ನ ಕೈಬಲದಿಂದಲೇ ಅದನ್ನು ನಡೆಸಬಲ್ಲ. ಹಾಗಾಗಿ ಅಂಥವು ಇಂದಿಗೂ ಅಲ್ಲಿ ಹಾರುತ್ತವೆ. ವಲ್ಕನ್ನಿನ ರೆಕ್ಕೆಯ ಅಂಚುಗಳನ್ನು ಅಲ್ಲಾಡಿಸುವುದು ಪೂರ್ತಿ ಯಂತ್ರಗಳೇ. ಅವು ಕೈಕೊಟ್ಟರೆ ಪೈಲಟ್ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಇಂಥ ಜಟಿಲ ವಿಮಾನಕ್ಕೆ, ಅದರ ವಿನ್ಯಾಸ ಬಲ್ಲ ಕಂಪನಿಗಳು ಬೆನ್ನಿಗೆ ನಿಂತು ‘ಇದು ಸುರಕ್ಷಿತ’ ಎಂದು ಹೊಣೆ ಹೊರಬೇಕು ಎಂಬುದು ನಿಯಮ.

ವಲ್ಕನ್ನಿಗೆ ಹಾಗೆ ನಿಂತವರು ಮೂವರು. ಅವ್ರೊ ಕಂಪನಿಯ ವಾರಸುದಾರರಾದ ಬಿಎಇ ಸಿಸ್ಟಮ್ಸ್, ಎಂಜಿನ್ನಿನ ವಾರಸುದಾರರಾದ ರೋಲ್ಸ್‌ರಾಯ್ಸ್, ದುರಸ್ತಿಯ ಎಂಜಿನಿಯರಿಂಗ್ ಹೊಣೆ ಹೊತ್ತ ಕೇಂಬ್ರಿಜ್‌ನ ಮಾರ್ಷಲ್. 2015ರ ಬಳಿಕ ಈ ಹೊಣೆಯಲ್ಲಿ ಮುಂದುವರಿಯಲಾರೆವು ಎಂದು ಮೂವರೂ ಹೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ಆ ಹೊತ್ತಿಗೆ ಈ ವಿಮಾನ ಬೇರೆ ಯಾವ ವಲ್ಕನ್ನಿಗಿಂತಲೂ ಹೆಚ್ಚು ಹಾರಿಬಿಟ್ಟಿತ್ತು. ಅಂದರೆ ಮುಂದೆ ಯಾವ ಭಾಗ ಹೇಗೆ ಸವೆಯುತ್ತದೆ ಎಂದು ತಿಳಿಯಲು ಇನ್ನೊಂದು ವಲ್ಕನ್ನಿನ ಉದಾಹರಣೆ ಇರಲಿಲ್ಲ. ಐವತ್ತು, ಅರವತ್ತರ ದಶಕದಲ್ಲಿ ಇದರ ಲೆಕ್ಕಾಚಾರ ಮಾಡಿದ ಎಂಜಿನಿಯರ್‌ಗಳು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಈಗ ಕೆಲಸದಲ್ಲಿರುವ ಎಂಜಿನಿಯರ್‌ಗೆ ಹಳೆಯ ನಕಾಶೆ ಓದಲು ಬರಬಹುದು. ಆ ಮೂಲೆಯಲ್ಲಿ ಅಷ್ಟು ದಪ್ಪನೆಯ ತಗಡು ಏಕೆ ಹಾಕಿದರು ಎಂದು ನಕಾಶೆಯಲ್ಲಿ ಬರೆದಿರುವುದಿಲ್ಲ. ಸಹಿ ಹಾಕಲು ಅವರು ಹಿಂಜರಿದರೆ ನಾನಂತೂ ತಪ್ಪೆನ್ನಲಾರೆ. ಹಾಗಾಗಿ, ಹಣಕ್ಕೆ ದಾನಿಗಳಿದ್ದರೂ ಎಂಜಿನ್ ಉಳಿದಿದ್ದರೂ, 2015ರ ಅಕ್ಟೋಬರ್ 28ರಂದು ವಲ್ಕನ್ ಕೊನೆಯ ಸಲ ಇಳಿಯಿತು.

ಇನ್ನೊಂದು ಮಾತು. ಅದೇ ವರ್ಷ ಆಗಸ್ಟ್ 22ರಂದು ಶೋರ್‌ಹ್ಯಾಮ್ ಪ್ರದರ್ಶನದಲ್ಲಿ ಹಳೆಯ ಹಂಟರ್ ಜೆಟ್ ಒಂದು ಲಾಗ ಹಾಕುವಾಗ ಸಾಕಷ್ಟು ಎತ್ತರ ಸಿಗದೆ ಹೆದ್ದಾರಿಯ ಮೇಲೆ ಬಿದ್ದು 11 ಮಂದಿ ಸತ್ತರು. ವಲ್ಕನ್ ನಿಂತದ್ದು ಆ ದುರಂತದಿಂದ ಎಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ, ನಿಲ್ಲಿಸುವ ಘೋಷಣೆ ಮೇ ತಿಂಗಳಲ್ಲೇ ಬಂದಿತ್ತು. ಆದರೆ ಉಳಿದ ಹಳೆಯ ಜೆಟ್‌ಗಳ ಮೇಲೆ ಆ ದುರಂತದ ಪರಿಣಾಮ ಬಹಳ. ನೆಲಭಾಗದ ಮೇಲೆ ಹಾರುವ ಪ್ರದರ್ಶನಗಳಲ್ಲಿ ಲಾಗ ಹಾಕುವುದು ನಿಂತು, ನೇರವಾಗಿ ಹಾರಿಹೋಗುವುದಷ್ಟೇ ಉಳಿಯಿತು. ಹಂಟರ್‌ಗಳಂತೂ 2017ರವರೆಗೆ ಹ್ಯಾಂಗರ್ ಬಿಟ್ಟು ಮೇಲೇಳಲಿಲ್ಲ.

ನಿಯಮ ಇಷ್ಟು ಬಿಗಿ ಬೇಕಿತ್ತೇ ಎಂದು ತಾವು ಕೇಳಬಹುದು. ಬ್ರಿಟನ್ನಿನಲ್ಲಿ ಅನುಮತಿ ಸಿಗದ ಲೈಟ್ನಿಂಗ್ ಎಂಬ ಅತಿವೇಗದ ಫೈಟರ್‌ಗಳನ್ನು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಖಾಸಗಿಯವರು ಹಾರಿಸುತ್ತಿದ್ದರು. 2009ರ ನವೆಂಬರ್‌ನಲ್ಲಿ ಅಂಥದ್ದೊಂದು ಪ್ರದರ್ಶನದ ನಡುವೆ ಕೈಕೊಟ್ಟಿತು. ಪೈಲಟ್ ಹೊರಚಿಮ್ಮಲು ಯತ್ನಿಸಿದರೂ ಆಸನ ಕೆಲಸ ಮಾಡದೆ ಪ್ರಾಣ ಕಳೆದುಕೊಂಡರು. ಹಾಗೆಂದು ಎಲ್ಲ ಕಡೆ ಕಥೆ ದುಃಖದ್ದಲ್ಲ. ಅಮೆರಿಕದ ಆರ್ಟ್ ನಾಲ್ಸ್ ಎಂಬ ನಿವೃತ್ತ ಮರೀನ್ ಪೈಲಟ್ ಬ್ರಿಟಿಷ್ ನೌಕಾಪಡೆಯ ಸೀ ಹ್ಯಾರಿಯರ್ ಒಂದನ್ನು ಕೊಂಡು, ತಮ್ಮ ದೇಶದ ನಿಯಮದಡಿ 2007ರಿಂದ ಹಾರಿಸಿದರು. ಬ್ರಿಟನ್ನಿನಲ್ಲೇ ಮಾರ್ಟಿನ್‌ಬೇಕರ್ ಕಂಪನಿ 1940ರ ದಶಕದ ಮೀಟಿಯರ್ ಮಾದರಿಯ ಜೋಡಿ ಎಂಜಿನ್ ಜೆಟ್‌ಗಳನ್ನು ಬಹುಕಾಲ ದುಡಿಸಿಕೊಂಡಿತು. ಶೋಕಿಗಲ್ಲ, ತಾನು ತಯಾರಿಸುವ ಹೊರಚಿಮ್ಮುವ ಆಸನಗಳನ್ನು ಪರೀಕ್ಷಿಸುವುದಕ್ಕೆ.

ಈಗ ವಿಡಿಯೊಗಳ ಗೊಂದಲ. ತಾವು ನೋಡಿದ ವಿಮಾನ 558 ಆಗಿರಲಿಕ್ಕಿಲ್ಲ. ವೆಲ್ಸ್‌ಬರ್ನ್‌ನಲ್ಲಿ ಎಕ್ಸ್‌ಎಂ655, ಸೌತೆಂಡ್‌ನಲ್ಲಿ ಎಕ್ಸ್‌ಎಲ್426 ಎಂಬ ಇನ್ನೆರಡು ವಲ್ಕನ್‌ಗಳಿವೆ. ಸ್ವಯಂಸೇವಕರು ಅವುಗಳ ಎಂಜಿನ್ ಚಾಲೂ ಮಾಡಿ ರನ್‌ವೇ ಮೇಲೆ ಓಡಿಸಿ ತೋರಿಸುತ್ತಾರೆ. ಹೊಗೆ, ಸದ್ದು, ಎದೆ ನಡುಗಿಸುವ ಗುಡುಗು ಎಲ್ಲ ಇರುತ್ತದೆ. ಮೂಗು ಸ್ವಲ್ಪ ಮೇಲೆತ್ತಿದಂತೆಯೂ ಕಾಣಬಹುದು. ಆದರೆ ಏರುವ ಮೊದಲೇ ವೇಗ ಇಳಿಸುತ್ತಾರೆ, ಏರಲು ಅವಕ್ಕೆ ಪರವಾನಗಿಯೂ ಇಲ್ಲ. ನೆಲದ ಮೇಲೆ ಓಡಿಸುವುದಕ್ಕೂ ಆಕಾಶಕ್ಕೆ ಏರಿಸುವುದಕ್ಕೂ ಖರ್ಚಿನಲ್ಲೂ ಹೊಣೆಯಲ್ಲೂ ಅಜಗಜಾಂತರ. ಈ ಗೆರೆ ಒಮ್ಮೆ ದಾಟಿಹೋದದ್ದೂ ಉಂಟು! 2009ರ ಮೇನಲ್ಲಿ ಬ್ರಂಟಿಂಗ್‌ಥಾರ್ಪ್‌ನಲ್ಲಿ ವಿಕ್ಟರ್ ಬಾಂಬರ್ ಒಂದನ್ನು ವೇಗವಾಗಿ ಓಡಿಸಿ ತೋರಿಸುತ್ತಿದ್ದರು. ಶಕ್ತಿ ಇಳಿಸುವುದು ಒಂದು ಗಳಿಗೆ ತಡವಾಯಿತು. ವಿಮಾನ ತಾನಾಗಿ ಮೇಲೆದ್ದು, ಕೆಲವೇ ಅಡಿ ಎತ್ತರದಲ್ಲಿ ವಾಲುತ್ತಾ ಸಾಗಿತು. ಅನುಭವಸ್ಥ ಪೈಲಟ್ ಸಾವರಿಸಿಕೊಂಡು ಇಳಿಸಿದ್ದರಿಂದ ನೋಡುತ್ತಿದ್ದವರು ಬದುಕಿದರು.

ಕೊನೆಗೆ ನಮ್ಮ ಊರಿನ ವಿಷಯ. ಬ್ರಿಟಿಷ್ ಜೆಟ್‌ಗಳ ಜತೆ ಬೆಂಗಳೂರಿಗೆ ಹಳೆಯ ನಂಟಿದೆ. ಫಾಲಂಡ್ ನ್ಯಾಟ್ ಎಂಬ ಪುಟಾಣಿ ಫೈಟರನ್ನು ಎಚ್‌ಎಎಲ್ ಪರವಾನಗಿ ಪಡೆದು ಇಲ್ಲೇ ತಯಾರಿಸಿತು, ಅದನ್ನೇ ಸುಧಾರಿಸಿ ಅಜಿತ್ ಮಾಡಿತು. ಹಳೆ ವಿಮಾನ ನಿಲ್ದಾಣ ರಸ್ತೆಯ ಸಂಗ್ರಹಾಲಯದಲ್ಲಿ ಅಜಿತ್ ಮತ್ತು ಮಾರುತ್ ಎರಡನ್ನೂ ನೋಡಬಹುದು; ಎರಡರಲ್ಲೂ ಇದ್ದದ್ದು ಬ್ರಿಟಿಷ್ ಮೂಲದ ಆರ್ಫಿಯಸ್ ಎಂಜಿನ್. ನ್ಯಾಟ್‌ನ ಎರಡು ಆಸನದ ತರಬೇತಿ ಮಾದರಿಯನ್ನು ಇಂಗ್ಲೆಂಡಿನ ನಾರ್ತ್ ವೀಲ್ಡ್‌ನಲ್ಲಿ ಉತ್ಸಾಹಿಗಳು ಹಾರಿಸಿ ಉಳಿಸಿಕೊಂಡಿದ್ದಾರೆ. ಹಾಗಾದರೆ ಇಲ್ಲಿಯೂ ಆಗಬಾರದೇಕೆ ಎಂದರೆ, ಬಿಸಿಲು ಮಳೆಗೆ ದಶಕಗಳ ಕಾಲ ನಿಂತ ಪ್ರದರ್ಶನದ ವಿಮಾನದಿಂದ ಆ ಕೆಲಸ ಶುರುಮಾಡುವುದು ಬಹಳ ಕಷ್ಟ. ತೇವ ಕೀಲುಗಳಿಗೆ ಇಳಿದಿರುತ್ತದೆ, ಬೇಕಾದ ಉಪಕರಣಗಳನ್ನು ನಿವೃತ್ತಿಯ ಸಮಯದಲ್ಲೇ ಬಿಚ್ಚಿಕೊಂಡಿರುತ್ತಾರೆ. 558 ಬದುಕಿದ್ದು ನಿವೃತ್ತಿಯ ಬಳಿಕವೂ ಅದರ ಎಂಜಿನ್‌ಗಳನ್ನು ಆಗಾಗ ಓಡಿಸುತ್ತಾ, ದಾಖಲೆಗಳನ್ನೂ ಬಿಡಿಭಾಗಗಳನ್ನೂ ಜೋಪಾನ ಮಾಡಿದ್ದರಿಂದ.

ಜೆಟ್ ಅಲ್ಲದಿದ್ದರೂ ನಮ್ಮದೇ ಒಂದು ಉದಾಹರಣೆ ಇದೆ. ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆಯ ಗೌರವಾರ್ಥ, ಗುಜರಿಗೆ ಹೋಗಲಿದ್ದ ಡಕೋಟಾ ಒಂದನ್ನು ಕೊಂಡು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟರು. 2018ರಲ್ಲಿ ಅದು ತಾನೇ ಹಾರಿಕೊಂಡು ಭಾರತಕ್ಕೆ ಬಂತು. ಪರಶುರಾಮ ಎಂದು ಹೆಸರು, ವಿಪಿ905 ಎಂಬ ಸಂಖ್ಯೆ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟಾದ ಸಂಖ್ಯೆಯದು. ಡಕೋಟಾ ಪ್ರಪಂಚದ ಹಲವೆಡೆ ಇನ್ನೂ ಹಾರುತ್ತಿರುವುದರಿಂದ ಅದರ ಬಿಡಿಭಾಗ ಸಿಗುತ್ತದೆ, ಕೆಲಸ ಬಲ್ಲ ಮೆಕ್ಯಾನಿಕ್‌ಗಳೂ ಇದ್ದಾರೆ. ಯಲಹಂಕದ ಏರೋ ಇಂಡಿಯಾದಲ್ಲಿ ಪರಶುರಾಮ ಹಾರಿದ್ದುಂಟು. ಮುಂದಿನ ಪ್ರದರ್ಶನದ ಕಾರ್ಯಕ್ರಮಪಟ್ಟಿ ಬಂದಾಗ ಅದರ ಹೆಸರಿದೆಯೇ ಎಂದು ನೋಡಿಕೊಂಡು ಹಾಸನದಿಂದ ಹೊರಡಿ.