ಎಕ್ಸ್‌ರೇ ಓದಿದ್ದು ಕಂಪ್ಯೂಟರ್. ಮಾತ್ರೆ ಶುರು ಮಾಡಬಹುದೇ?

ಪ್ರಶ್ನೆ: ನಾವು ಮುಂಬೈಯ ಪವಾಯಿಯವರು. ತಂದೆಗೆ 70 ವರ್ಷ. ಹಿಂದೆ ಕ್ಷಯ ಬಂದು ವಾಸಿಯಾಗಿತ್ತು. ಮೂರು ವಾರದಿಂದ ಕೆಮ್ಮು. ಎಕ್ಸ್‌ರೇ ನೋಡಿದ ಕಂಪ್ಯೂಟರ್ ‘ಕ್ಷಯದ ಶಂಕೆ’ ಎಂದಿದೆ. ನಂಬಬಹುದೇ?

ಉತ್ತರ: ಶಂಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ, ಆದರೆ ಅಷ್ಟಕ್ಕೇ ಮಾತ್ರೆ ಶುರು ಮಾಡಬೇಡಿ. ಮುಂಬೈಯದೇ ಆದ ಕ್ಯೂರ್ ಡಾಟ್ ಎಐ ಕಂಪನಿಯ ಕ್ಯೂಎಕ್ಸ್‌ಆರ್‌ನಂಥ ತಂತ್ರಾಂಶಗಳು ಚಿತ್ರದಲ್ಲಿನ ನೆರಳು ನೋಡಿ ಅಂಕ ಕೊಡುತ್ತವೆ. ಕಫದಲ್ಲಿ ರೋಗಾಣು ಇದೆಯೋ ಇಲ್ಲವೋ ಅವಕ್ಕೆ ಕಾಣದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ವರ್ಷ ತುಂಬಿದವರಿಗೆ ಇವನ್ನು ಬಳಸಬಹುದೆಂದದ್ದೂ ಯಾರಿಗೆ ಮುಂದಿನ ಪರೀಕ್ಷೆ ಬೇಕೆಂದು ಆರಿಸುವುದಕ್ಕೇ. ವಾಸಿಯಾದ ಕ್ಷಯ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಉಳಿಸುತ್ತದೆ. ವಯಸ್ಸಾದವರಲ್ಲಿ, ಹಿಂದೆ ಕ್ಷಯ ಬಂದವರಲ್ಲಿ ತಂತ್ರಾಂಶ ಹೆಚ್ಚು ಎಡವುವುದು ಇದರಿಂದಲೇ. ಹಾಗಾದರೆ ವರದಿಯನ್ನು ಬದಿಗಿಡಬಹುದಲ್ಲ ಎನ್ನಬೇಡಿ. ಹಳೆಯ ರೋಗ ಮರುಕಳಿಸುವುದುಂಟು. ಈ ವಯಸ್ಸಿನಲ್ಲಿ ಕ್ಯಾನ್ಸರ್ ಅಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು.

ಈ ವಾರವೇ ಎದೆರೋಗ ತಜ್ಞರನ್ನು ಕಾಣಿ. ವರದಿಗೆ ರೇಡಿಯಾಲಜಿಸ್ಟ್ ಸಹಿ ಇದೆಯೇ ನೋಡಿ. ಹಳೆಯ ಫಿಲ್ಮ್ ಬೀರುವಿನಲ್ಲಿದ್ದರೆ ತಪ್ಪದೆ ಒಯ್ಯಿರಿ: ಎರಡನ್ನೂ ಅಕ್ಕಪಕ್ಕ ಹಿಡಿದಾಗ ಕಲೆ ಹಾಗೆಯೇ ಇದೆಯೋ ಬೆಳೆದಿದೆಯೋ ಕಾಣುತ್ತದೆ, ನನ್ನ ದೃಷ್ಟಿಯಲ್ಲಿ ಇದಕ್ಕೆ ಯಾವ ಅಂಕವೂ ಸಾಟಿಯಲ್ಲ. ಬೆಳಗ್ಗೆ ಎದ್ದಾಗಿನ ಕಫವನ್ನು ರೋಗಾಣು ಪತ್ತೆಹಚ್ಚುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆಗೆ ಕೊಡಿ. ಸರ್ಕಾರಿ ಕ್ಷಯ ಕೇಂದ್ರದ ಮೂಲಕ ಅದು ಉಚಿತ. ಹಿಂದೆ ಚಿಕಿತ್ಸೆ ಆಗಿರುವುದರಿಂದ, ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬೇಕೇ ಎಂದೂ ಕೇಳಿ. ಕಫದಲ್ಲಿ ರಕ್ತ ಬಂದರೆ, ಉಸಿರು ಕಟ್ಟಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.